ಸೀಟು ಸಿಕ್ಕ ಮೇಲಿನ ಪರೀಕ್ಷೆ

ಪರೀಕ್ಷೆ ಬರೆಯುವುದು ಸೀಟು ಸಿಗಲಿ ಅಂತ. ಸಿಕ್ಕಿತೋ, ಪೆನ್ನಿಗೆ ಕ್ಯಾಪು ಹಾಕಿ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಹರಕೆ ತೀರಿಸಿ, ಹಾಯಾಗಿ ನಿದ್ದೆ ಮಾಡುವುದು. ನಮ್ಮ ಬೀದಿಯವರಿಗೆ ಗೊತ್ತಿರುವ ಕ್ರಮ ಇದೊಂದೇ. ಅಮೆರಿಕದವರು ಇದನ್ನೂ ತಿರುವು ಮುರುವು ಮಾಡಿಟ್ಟಿದ್ದಾರೆ. ಅಲ್ಲಿ ಕಾಲೇಜಿನವರು ‘ಬಾ ತಾಯಿ’ ಎಂದು ಕರೆದು ಸೇರಿಸಿಕೊಂಡ ಮೇಲೆ, ಕ್ಲಾಸು ಶುರುವಾಗುವ ಮುಂಚಿನ ರಜೆಯಲ್ಲಿ, ‘ನಿನಗೆ ಇಂಗ್ಲಿಷ್ ಬಿಟ್ಟು ಬೇರೆ ಯಾವ ಭಾಷೆ ಎಷ್ಟು ಬರುತ್ತದೆ?’ ಎಂದು ಇನ್ನೊಂದು ಪರೀಕ್ಷೆ ಇಡುತ್ತಾರೆ. ಪ್ಲೇಸ್‌ಮೆಂಟ್ ಟೆಸ್ಟ್ ಅಂತ ಹೆಸರು. ಪಾಸಿಲ್ಲ, ಫೇಲಿಲ್ಲ, ರ‍್ಯಾಂಕಿಲ್ಲ, ಪೇಪರಿನಲ್ಲಿ ಫೋಟೋ ಅಂತೂ ಇಲ್ಲವೇ ಇಲ್ಲ. ನೀನು ಮೊದಲನೇ ಸೆಮಿಸ್ಟರಿನ ಕ್ಲಾಸಿನಲ್ಲಿ ಕೂರಬೇಕೋ, ಮೂರನೆಯದರಲ್ಲೋ, ಎಲ್ಲೂ ಕೂರಬೇಕಿಲ್ಲವೋ ಅಷ್ಟನ್ನು ಹೇಳಿ ಸುಮ್ಮನಾಗುತ್ತದೆ. 1994ರಿಂದ ಸಿಇಟಿಯ ತಾಪ ಉಂಡವರಿಗೆ ಇದು ಪರೀಕ್ಷೆ ಅಂತಲೇ ಅನ್ನಿಸುವುದಿಲ್ಲ. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಕೇಳಿ, ‘ಫೇಲಾಗೋಕೆ ಅವಕಾಶ ಇಲ್ದಿದ್ರೆ ಮಕ್ಕಳು ಯಾಕೆ ಓದ್ತಾರೆ ಸಾರ್?’ ಎಂದು ನಿಜವಾಗಿಯೂ ಮರುಗಿದರು.

ನ್ಯೂಜೆರ್ಸಿಯಿಂದ ರಜೆಗೆ ಬಂದಿದ್ದ ಮೊಮ್ಮಗಳು ಈ ಪರೀಕ್ಷೆಯನ್ನು ನಮ್ಮ ಮೈಸೂರಿನ ಮನೆಯ ಊಟದ ಮೇಜಿನ ಮೇಲೆ ಬರೆದಳು. ಹೈಸ್ಕೂಲಿನಲ್ಲಿ ಕಲಿತ ಸ್ಪ್ಯಾನಿಷ್. ಕಾವಲಿಗೆ ಯಾರೂ ಇಲ್ಲ. ‘ಯಾರ ಸಹಾಯವನ್ನೂ ಪಡೆಯುವುದಿಲ್ಲ’ ಎಂಬ ಸಾಲಿನ ಮುಂದೆ ಒಂದು ಟಿಕ್ ಹಾಕಿದರೆ ಮುಗಿಯಿತು, ನಂಬುತ್ತಾರೆ. ಇಲ್ಲಿ ನೀಟ್ ಬರೆಯಲು ತುಂಬುತೋಳಿನ ಅಂಗಿಯನ್ನೂ ಹಾಕಗೊಡುವುದಿಲ್ಲ! ಆದರೂ ನಾವಿಬ್ಬರೂ ಶಿಸ್ತಾಗಿ ಹಜಾರಕ್ಕೆ ಹೋಗಿ ಕೂತೆವು. ಸ್ಪ್ಯಾನಿಷಿನಲ್ಲಿ ಅಜ್ಜಿ ತಾತ ಕಾಪಿ ಹೊಡೆಸಿದರು ಎಂಬ ಅಪವಾದ ಬರುವ ಸಂಭವ ಇರಲಿಲ್ಲವಾದರೂ.

ಯಂತ್ರದ ಬುದ್ಧಿ ಮಾತ್ರ ಮೆಚ್ಚಬೇಕಾದ್ದು. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಷ್ಟದ್ದು, ತಪ್ಪಾದರೆ ಸುಲಭದ್ದು. ಮದುವೆಮನೆಯಲ್ಲಿ ಬಲವಂತ ಮಾಡಿ ಬಡಿಸುವವರ ಹಾಗೆ, ಎಲೆಗೆ ಕೈ ಅಡ್ಡ ಹಿಡಿದು ‘ಸಾಕು’ ಅನ್ನುವವರೆಗೂ ಬಿಡುವುದಿಲ್ಲ. ಆ ‘ಸಾಕು’ ಎಲ್ಲಿ ಬಂತೋ ಅದೇ ನಿಮ್ಮ ಮಟ್ಟ. ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಸ್ಪ್ಯಾನಿಷ್‌ಗೆ ಇಂಥದ್ದನ್ನು 1980ರ ದಶಕದಲ್ಲೇ ಮಾಡಿಟ್ಟರಂತೆ. ಆಗ ನಾವು ಪ್ರಶ್ನೆಪತ್ರಿಕೆಯನ್ನು ಸೈಕ್ಲೋಸ್ಟೈಲ್ ಮಾಡಿ ಕೈಯೆಲ್ಲ ಮಸಿ ಮಾಡಿಕೊಳ್ಳುತ್ತಿದ್ದೆವು.

ಇದಕ್ಕೂ ಕಳ್ಳದಾರಿ ಇಲ್ಲದಿಲ್ಲ. ಮೊಮ್ಮಗಳೇ ಹೇಳಿದಳು: ಕೆಲವರು ಬೇಕೆಂದೇ ತಪ್ಪು ಬರೆಯುತ್ತಾರಂತೆ. ಕೆಳಗಿನ ಕ್ಲಾಸಿಗೆ ಬಿದ್ದರೆ ಗೊತ್ತಿದ್ದದ್ದನ್ನೇ ಮತ್ತೆ ಕಲಿತ ಹಾಗೆ ನಟಿಸಿ ಸಲೀಸಾಗಿ ‘ಎ’ ಗ್ರೇಡು ಹೊಡೆಯಬಹುದು. ಮನೆಯಲ್ಲಿ ಅಜ್ಜಿಯೊಂದಿಗೆ ಸ್ಪ್ಯಾನಿಷಿನಲ್ಲೇ ಜಗಳವಾಡಿ ಬೆಳೆದ ಹುಡುಗ ‘ಓಲಾ’ ಎನ್ನಲು ತಡವರಿಸುತ್ತಾ ಮೊದಲ ಬೆಂಚಿನಲ್ಲಿ ಕೂತಿದ್ದರೆ ಪಕ್ಕದವರ ಗತಿ ಏನು? ಅದಕ್ಕೇ ಅಲ್ಲಿನ ಎಷ್ಟೋ ಕಾಲೇಜುಗಳಲ್ಲಿ ಮನೆಮಾತಿನ ಮಕ್ಕಳಿಗೆ ಬೇರೆಯದೇ ಕ್ಲಾಸು ಇಟ್ಟಿದ್ದಾರೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’ ಅಂತ ವಿಟಿಯು ಎರಡು ಬಾಗಿಲು ಇಟ್ಟಿದೆ. ಜಯನಗರದಲ್ಲೇ ಹುಟ್ಟಿ, ಸ್ಕೂಲಿನಲ್ಲಿ ಅಂಕ ಬರುತ್ತದೆಂದು ಸಂಸ್ಕೃತ ಓದಿ, ಕೊನೆಗೆ ‘ಬಳಕೆ’ಯ ಬಾಗಿಲಲ್ಲಿ ನುಸುಳಿದ ಮಕ್ಕಳು ನಮ್ಮ ನೆಂಟರಲ್ಲೇ ಇದ್ದಾರೆ. ಮನೆಗೆ ಬಂದಾಗ ಅವರೇ ನನಗೆ ಕನ್ನಡದಲ್ಲಿ ಕ್ರಿಕೆಟ್ ಸ್ಕೋರು ಹೇಳುವುದು.

ಸ್ಪ್ಯಾನಿಷಿನ ಫಲಿತಾಂಶ ಅಷ್ಟಕ್ಕಷ್ಟೆ ಬಂತು. ನಡುಮಧ್ಯೆ ಕರೆಂಟು ಹೋದದ್ದೂ ಸ್ವಲ್ಪ ಸಹಾಯ ಮಾಡಿರಬೇಕು. ಇನ್ನೆರಡು ಸೆಮಿಸ್ಟರ್ ಕೂರಬೇಕು. ಆಗ ಅವಳು ಕಾಲೇಜಿನ ನಿಯಮಗಳನ್ನೆಲ್ಲ ಜಾಲಾಡಿ, ಬೇರೆ ಯಾವುದಾದರೂ ಭಾಷೆ ಸಾಕಷ್ಟು ಬರುತ್ತದೆಂದು ತೋರಿಸಿದರೂ ವಿನಾಯಿತಿ ಉಂಟು ಎಂಬುದನ್ನು ಪತ್ತೆ ಮಾಡಿದಳು. ಇದು ಕಾಲೇಜಿಗೊಂದು ತರ. ಕೊಲಂಬಿಯಾದಲ್ಲಿ ನಾಲ್ಕು ಸೆಮಿಸ್ಟರಿನಷ್ಟು ಭಾಷೆ ಕೇಳುತ್ತಾರೆ, ಬರುತ್ತದೆಂದು ತೋರಿಸಿದವರನ್ನು ಬಿಟ್ಟುಬಿಡುತ್ತಾರೆ. ಯೇಲ್‌ನವರು ಜಿಗುಟು: ಎಷ್ಟೇ ಬರಲಿ, ಬಂದ ಮೇಲೆ ಭಾಷೆಯ ಒಂದು ಕೋರ್ಸಾದರೂ ಮಾಡು ಎನ್ನುತ್ತಾರೆ. (ನನಗೆ ಯೇಲ್‌ನವರೇ ಇಷ್ಟ.) ಹೈಸ್ಕೂಲಿನಲ್ಲೇ ಬರೆದು ಮುಗಿಸುವ ಎಪಿ ಪರೀಕ್ಷೆಗಳೂ ಇವೆ. ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನಿ, ಜಪಾನಿ, ಲ್ಯಾಟಿನ್ ಎಲ್ಲಕ್ಕೂ ಉಂಟು, ಕನ್ನಡಕ್ಕಿಲ್ಲ. ಲ್ಯಾಟಿನ್‌ನಲ್ಲಿ ಬೈಯುವ ಅಜ್ಜಿ ಇವತ್ತು ಯಾರ ಮನೆಯಲ್ಲೂ ಇಲ್ಲ. ಆದರೂ ಅದಕ್ಕೆ ಪರೀಕ್ಷೆ ಇದೆ, ನಮ್ಮದಕ್ಕಿಲ್ಲ.

ಹಾಗಾಗಿ ಅವಳ ಕನ್ನಡವನ್ನು ಪರೀಕ್ಷಿಸಲು ಕಾಲೇಜಿನವರು ಬೇರೊಂದು ಊರಿನ ಕನ್ನಡ ಬಲ್ಲ ಪ್ರಾಧ್ಯಾಪಕರೊಬ್ಬರನ್ನು ಗೊತ್ತುಮಾಡಿದರು. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಂಥ ಕಡೆ ಕನ್ನಡವನ್ನೇ ಕಲಿಸುತ್ತಾರಾದ್ದರಿಂದ ಅಂಥವರು ಅಲ್ಲಿ ಸಿಗುತ್ತಾರೆ. ಒಂದಿಷ್ಟು ಓದು, ಒಂದಿಷ್ಟು ಬರಹ, ಉಳಿದದ್ದು ಜೂಮ್‌ನಲ್ಲಿ ಮಾತು. ನನ್ನ ಹೆಂಡತಿಗೆ ಹಿಗ್ಗೋ ಹಿಗ್ಗು. ಅವಳು ಧಾರವಾಡದವಳು, ಮೊಮ್ಮಗಳ ಕನ್ನಡವೆಲ್ಲ ಅವಳು ಫೋನಿನಲ್ಲಿ ಸುರಿದದ್ದು. ಹುಡುಗಿ ನ್ಯೂಜೆರ್ಸಿಯ ಮಾಲ್‌ನಲ್ಲಿ ನಿಂತು ಮೈಸೂರಿನ ಅಪ್ಪನಿಗೆ ‘ಯಾಕ ಹಂಗ ನೋಡ್ತೀ?’ ಎಂದು ಕೇಳುತ್ತಾಳೆ. ಪರೀಕ್ಷಕರಿಗೆ ಇದು ಯಾವ ಸೀಮೆಯ ಕನ್ನಡ ಎಂದು ಗೊಂದಲವಾಗಬಾರದೆಂದು ನಾನು ‘ಹೇಗೆ’, ‘ಯಾಕೆ’ ಹೇಳಿಕೊಡಲು ಹೋದೆ. ‘ರೀ, ಛಲೋ ಇದ್ದ ಕೂಸಿನ ಭಾಷಾ ಕೆಡಸಬ್ಯಾಡ್ರಿ’ ಎಂದು ತಕ್ಷಣ ತಡೆಯಾಜ್ಞೆ ಬಂತು.

ಕಷ್ಟ ಇದ್ದದ್ದು ಓದಿನಲ್ಲಿ. ಕಾಗುಣಿತ ಬೇಗ ಹತ್ತಿತು, ಒತ್ತಕ್ಷರ ಕೈಕೊಟ್ಟಿತು. ಅಭ್ಯಾಸಕ್ಕೆಂದು ಸಂಜೆ ದೇವರಾಜ ಮಾರುಕಟ್ಟೆಯ ಕಡೆ ಕರೆದುಕೊಂಡು ಹೋಗಿ ಬೋರ್ಡುಗಳನ್ನು ಓದಿಸಿದೆ. ಒಂದೊಂದೇ ಅಕ್ಷರ ಕೂಡಿಸಿ, ಹುಬ್ಬು ಗಂಟಿಕ್ಕಿ, ‘ಕಾಂ... ಡಿ... ಮೆಂ... ಟ್ಸ್’ ಎಂದಳು. ಆಮೇಲೆ ‘ಮೆಡಿಕಲ್ಸ್’. ಆಮೇಲೆ ‘ಬೇಕರಿ ಅಂಡ್ ಸ್ವೀಟ್ಸ್’. ‘ತಾತಾ, ಇದೆಲ್ಲ ಇಂಗ್ಲಿಷೇ! ನೀನು ನನಗೆ ಮೋಸ ಮಾಡ್ತಿದ್ದೀ’ ಎಂದು ರಸ್ತೆಯಲ್ಲೇ ಜಗಳಕ್ಕೆ ನಿಂತಳು. ಕೊನೆಗೆ ಹೂವಿನ ಸಾಲಿನ ಹತ್ತಿರ ‘ಇಲ್ಲಿ ಉಗುಳಬಾರದು’ ಸಿಕ್ಕಿ ನನ್ನ ಮಾನ ಉಳಿಯಿತು.

ಆಗೆಲ್ಲ ನನಗೆ ನಮ್ಮ ಸಿಇಟಿಯವರೇ ನಡೆಸುವ ಇನ್ನೊಂದು ಪರೀಕ್ಷೆ ನೆನಪಾಗುತ್ತಿತ್ತು. ಹೊರನಾಡು, ಗಡಿನಾಡು ಕನ್ನಡಿಗರ ಮಕ್ಕಳು ಇಲ್ಲಿ ಸೀಟು ಕೇಳಿದರೆ ಕನ್ನಡ ಬರುತ್ತದೆಂದು ತೋರಿಸಬೇಕು: 50 ಅಂಕಕ್ಕೆ ಪರೀಕ್ಷೆ, 12 ಬಂದರೆ ಸಾಕು. ಕಾಸರಗೋಡಿನ ಹುಡುಗಿ ಆ ಹನ್ನೆರಡನ್ನು ಹಿಡಿದುಕೊಂಡು ಕಾಲೇಜಿನ ಒಳಗೆ ಬರುತ್ತಾಳೆ. ನಮ್ಮ ಹುಡುಗಿಯದು ತದ್ವಿರುದ್ಧ. ಕನ್ನಡ ಚೆನ್ನಾಗಿ ಬರುತ್ತದೆಂದು ಸಾಬೀತಾದರೆ ಅವಳಿಗೆ ಸಿಗುವ ಬಹುಮಾನ, ಇನ್ನು ಯಾವ ಭಾಷೆಯನ್ನೂ ಕಲಿಯಬೇಕಿಲ್ಲ ಎಂಬುದು. ಇದನ್ನು ನೆನೆದಾಗ ಒತ್ತಕ್ಷರ ತಿದ್ದಿಸುತ್ತಿದ್ದ ನನ್ನ ಕೈ ಸ್ವಲ್ಪ ನಿಧಾನವಾಗುತ್ತಿತ್ತು.

ಮಾತಿನ ಪರೀಕ್ಷೆ ರಾತ್ರಿ ನಡೆಯಿತು, ಪ್ರಾಧ್ಯಾಪಕರಿಗೆ ಆಗ ಬೆಳಗ್ಗೆ. ಬಾಗಿಲು ಪೂರ್ತಿ ಹಾಕಿರಲಿಲ್ಲ, ಕಿವಿಗೆ ಬಿದ್ದದ್ದು ನಮ್ಮ ತಪ್ಪಲ್ಲ. ಅಮೆರಿಕದಲ್ಲಿ ಮಾತಿನ ಮಟ್ಟಕ್ಕೆ ಆಕ್ಟ್‌ಫಲ್ ಸಂಸ್ಥೆಯವರ ಮೆಟ್ಟಿಲುಗಳಿವೆ; ನಾವಿಸ್‌ನಿಂದ ಶುರುವಾಗಿ ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್, ಸುಪೀರಿಯರ್ ದಾಟಿ ಇನ್ನೂ ಮೇಲೆ. ಪ್ರಶ್ನೆ ಕೇಳುವವರು ಒಂದೊಂದೇ ಮೆಟ್ಟಿಲು ಹತ್ತಿಸಿ, ಕಾಲು ಎಲ್ಲಿ ಜಾರುತ್ತದೆ ಎಂದು ನೋಡುತ್ತಾರೆ. ಮನೆ, ತಿಂಡಿ, ಗೆಳತಿಯರೆಲ್ಲ ಸರಾಗವಾಗಿ ಆದವು. ಆಮೇಲೆ ಒಂದು ನಾಟಕ: ನೀನು ಕೊಂಡ ಸೀರೆ ಹರಿದಿದೆ, ಅಂಗಡಿಯವನು ವಾಪಸು ತೆಗೆದುಕೊಳ್ಳುತ್ತಿಲ್ಲ. ಹುಡುಗಿ ಒಮ್ಮೆಲೇ ಅಜ್ಜಿಯಾದಳು. ‘ಏನ್ರೀ ಇದು? ಹರದದ್ದು ಕೊಟ್ಟು ರೊಕ್ಕಾ ತಗೊಂಡ್ರ ಹೆಂಗ್ರೀ? ನಿಮ್ಮ ಮನ್ಯಾಗ ಇಂಥಾದ್ದು ಉಡ್ತಾರೇನ್ರೀ?’ ಪ್ರಾಧ್ಯಾಪಕರು ಜೋರಾಗಿ ನಕ್ಕದ್ದು ಹಜಾರಕ್ಕೂ ಕೇಳಿಸಿತು. ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮುಂದಿನ ಪ್ರಶ್ನೆ ಪರಿಸರ ಮಾಲಿನ್ಯ. ನಿನ್ನ ಅಭಿಪ್ರಾಯವೇನು, ಕಾರಣ ಕೊಟ್ಟು ಹೇಳು. ಒಳಗೆ ಮೌನ. ‘ಗಾಳಿ... ಹೊಲಸು ಆಗೇದ’ ಎಂದಳು. ಮತ್ತೆ ಮೌನ.

ಅವಳಾದರೂ ಏನು ಮಾಡಿಯಾಳು? ಉಣ್ಣು, ಮಲಗು, ಸ್ವೆಟರ್ ಹಾಕಿಕೋ, ಅತ್ತೆಗೆ ನಮಸ್ಕಾರ ಹೇಳು: ಸಮುದ್ರ ದಾಟಿ ನಾವು ಅವಳಿಗೆ ಕಳಿಸಿದ ಕನ್ನಡ ಇಷ್ಟೇ. ಅಪ್ಪ ಮಗಳು ಚುನಾವಣೆಯ ಬಗ್ಗೆ ವಾದ ಮಾಡುವುದು ಇಂಗ್ಲಿಷಿನಲ್ಲಿ. ಅಷ್ಟು ದೂರ ಯಾಕೆ, ನಾನೂ ಮಗನೂ ಫೋನಿನಲ್ಲಿ ಮಂಡಿನೋವಿನಿಂದ ಷೇರು ಮಾರುಕಟ್ಟೆಗೆ ಹೊರಳಿದ ಕೂಡಲೇ ಭಾಷೆಯೂ ಹೊರಳುತ್ತದೆ. ಅಡುಗೆಮನೆಯ ಹೊಸ್ತಿಲು ದಾಟದ ಭಾಷೆ ಮಾಲಿನ್ಯದವರೆಗೆ ಹೇಗೆ ನಡೆದು ಹೋದೀತು? ಆ ಮೌನವನ್ನು ಅವಳ ಲೆಕ್ಕಕ್ಕೆ ಬರೆದುಕೊಂಡದ್ದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ವಿನಾಯಿತಿ ಬಂತು. ಕಾಲೇಜಿಗೆ ಬೇಕಾದಷ್ಟು ಮೆಟ್ಟಿಲನ್ನು ಸೀರೆಯ ಜಗಳದಲ್ಲೇ ಹತ್ತಿಯಾಗಿತ್ತು. ಸ್ಪ್ಯಾನಿಷ್ ಬಿಟ್ಟಳು, ಊರಿಗೆ ಹೊರಟಳು. ಸೆಪ್ಟೆಂಬರಿನಲ್ಲಿ ಫೋನು ಮಾಡಿ, ಕೊರಿಯನ್ ತೆಗೆದುಕೊಂಡಿದ್ದೇನೆ ಎಂದಳು. ಯಾರ ಬಲವಂತವೂ ಇಲ್ಲ; ಸೀರಿಯಲ್ಲುಗಳನ್ನು ಅಡಿಬರಹವಿಲ್ಲದೆ ನೋಡಬೇಕಂತೆ.

‘ಅದಕ್ಕೂ ಪರೀಕ್ಷೆ ಇತ್ತೇನೇ?’ ಎಂದೆ.

‘ಇಲ್ಲ ತಾತ. ಏನೂ ಗೊತ್ತಿಲ್ಲದೋರಿಗೆ ಟೆಸ್ಟ್ ಇಲ್ಲ. ಆದ್ರೆ ನಂಗೆ ಸುಲಭ. ಕ್ರಿಯಾಪದ ನಮ್ಮ ಥರಾನೇ ಕೊನೇಲಿ ಬರತ್ತೆ. ದೊಡ್ಡೋರ ಹತ್ರ ಮಾತಾಡುವಾಗ ಕೊನೇಗೆ ‘ಯೋ’ ಹಚ್ಚಬೇಕು. ಎಲ್ಲರೂ ಮರೀತಾರೆ, ನಾನು ಮರೆಯಲ್ಲ. ಅಜ್ಜಿ ಎಲ್ಲದಕ್ಕೂ ‘ರೀ’ ಹಚ್ತಾಳಲ್ಲ, ಹಂಗ.’

ಸ್ಪೀಕರಿನಲ್ಲಿ ಕೇಳುತ್ತಿದ್ದ ನನ್ನ ಹೆಂಡತಿ ಹೀರೇಕಾಯಿ ಹೆರೆಯುವುದನ್ನು ನಿಲ್ಲಿಸಲಿಲ್ಲ. ‘ಹಂಗಾದ್ರ ಆ ಮಂದಿ ನಮ್ಮ ಕಡೆಯವರs ಇರಬೇಕು ತಗೋ’ ಎಂದಳು. ‘ಅಲ್ಲೆ ಊಟಕ್ಕ ರೊಟ್ಟಿ ಮಾಡ್ತಾರೇನು, ಕೇಳು.’