ಕನ್ನಡಕ ಬರುವವರೆಗೆ

ಮೈಸೂರಿನ ಸರಸ್ವತೀಪುರದ ರಾಯರು ದೂರದರ್ಶನದ ಪೆಟ್ಟಿಗೆಯೊಡನೆ ಬಹುಕಾಲ ಮಾತು ಬಿಟ್ಟಿದ್ದವರು. ಅದು ಮನೆಗೆ ಬಂದದ್ದು ಮಡದಿಯ ಹಟದಿಂದ. ಅದರ ಸದ್ದು ಕಿವಿಗೆ ಬಿದ್ದೊಡನೆ ಅವರು ಪುಸ್ತಕ ಹಿಡಿದು ಒಳಕೋಣೆ ಸೇರುತ್ತಿದ್ದರು. ಇಂಥ ಕಟ್ಟಾ ವ್ರತವನ್ನು ಕೆಡಿಸಿದ್ದು ಕಣ್ಣಿನ ಪೊರೆ. ಶಸ್ತ್ರಚಿಕಿತ್ಸೆಯ ಬಳಿಕ ಎದುರುಮನೆಯ ಮಾವಿನೆಲೆಗಳು ಬಿಡಿಬಿಡಿಯಾಗಿ ಕಂಡವು. ಕೈಯಲ್ಲಿ ಹಿಡಿದ ಅಕ್ಷರ ಮಾತ್ರ ಕಲಸುಮೇಲೋಗರ. ಹತ್ತಿರದ ನೋಟಕ್ಕೆ ಹೊಸ ಕನ್ನಡಕ ಬೇಕು, ಅದಕ್ಕೊಂದು ತಿಂಗಳು ತಾಳಬೇಕು ಎಂದರು ವೈದ್ಯರು. ಓದುವಂತಿಲ್ಲ, ಪರದೆ ಮಾತ್ರ ಸ್ಫುಟವಾಗಿ ಕಾಣುತ್ತದೆ! ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಮೊಮ್ಮಗಳು 'ಮಾಲ್ಗುಡಿ ಡೇಸ್' ಹಚ್ಚಿಕೊಟ್ಟು ಹೋದಳು. 1986ರಲ್ಲಿ ಶಂಕರನಾಗ್ ತೆಗೆದ ಆ ಮಾಲಿಕೆಯನ್ನು ರಾಯರು ಆಗ ನೋಡಿರಲಿಲ್ಲ. ಮೈಸೂರಿನ ಆರ್. ಕೆ. ನಾರಾಯಣರ ಕಥೆಯನ್ನು ಹಿಂದಿಯಲ್ಲಿ ನೋಡುವುದೆ ಎಂಬ ಬಿಂಕ. ನಾರಾಯಣರು ಬರೆದದ್ದೂ ಕನ್ನಡದಲ್ಲಲ್ಲ ಎಂದು ಅವರಿಗೆ ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲವೆನ್ನಿ. ಈಗ ನೋಡಿದರು. ಆಗುಂಬೆಯ ಬೀದಿಯೇ ಮಾಲ್ಗುಡಿಯಾಗಿತ್ತು. ಗಿರೀಶ ಕಾರ್ನಾಡರು ಅಪ್ಪನಾಗಿ ಗದರಿದಾಗ, ಪುಟ್ಟ ಸ್ವಾಮಿಯ ಮುಖ ಚಿಕ್ಕದಾದಾಗ, ರಾಯರು ಸಶಬ್ದವಾಗಿ ನಕ್ಕರು. ಅಡುಗೆಮನೆಯಿಂದ ಮಡದಿ ಓಡಿಬಂದು, ಏನಾಯಿತೆಂದು ಕೇಳಿದರು.

ಪಂಡಿತರ ತಾತ್ಸಾರವೆಂಬುದು ಎಷ್ಟೋ ವೇಳೆ ನೋಡದೆಯೇ ಹುಟ್ಟಿದ್ದು. ಇರಲಿ.

ಆದರೆ ಪುಸ್ತಕದ ಹಸಿವು ಹಿಂಗಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಮಡದಿಯೇ ಓದಿ ಹೇಳುವುದೆಂದಾಯಿತು. ರಾಯರು ಆರಿಸಿದ್ದು ಭೈರಪ್ಪನವರ 1970ರ 'ಗೃಹಭಂಗ'. ತರಗತಿಯಲ್ಲಿ ಅದರ ಮೇಲೆ ವರ್ಷಗಟ್ಟಲೆ ಉಪನ್ಯಾಸ ಕೊಟ್ಟವರು ಅವರು. ವಾಸ್ತವತೆ, ಪಾತ್ರಪೋಷಣೆ ಎಂದು ಶೀರ್ಷಿಕೆಗಳೂ ಬಾಯಿಗೆ ಬಂದಿದ್ದವು. ಮಡದಿಗೆ ಅದು ಮೊದಲ ಓದು. ಕೈಲಾಗದ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುವ, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುವ ನಂಜಮ್ಮನಲ್ಲಿಗೆ ಬಂದಾಗ ಓದು ನಿಂತಿತು.

"ಏನೇ, ಯಾಕೆ ನಿಲ್ಲಿಸಿದೆ?"

"ಒಣಗಿದ ಎಲೆ ಸೀಳಿಬಿಡತ್ತೆ ರೀ. ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು ಕಡ್ಡಿ ಚುಚ್ಚಬೇಕು. ಅಮ್ಮ ರಾತ್ರಿ ಹೊತ್ತು ಹಚ್ಚೋಳು. ಬೆರಳ ತುದಿಯೆಲ್ಲ ಗಾಯ."

"ನಿಮ್ಮಮ್ಮನೇ? ನೀನು ಒಂದು ದಿನವೂ ಹೇಳಲಿಲ್ಲವಲ್ಲ!"

"ನೀವು ಕೇಳಿರಲಿಲ್ಲ. ಆ ದುಡ್ಡಲ್ಲೇ ನಾನು ಎಸ್ಸೆಸ್ಸೆಲ್ಸಿ ಕಟ್ಟಿದ್ದು."

ನಲವತ್ತೆರಡು ವರ್ಷದ ದಾಂಪತ್ಯ. ಎಲೆ ಹಚ್ಚುವ ಭಾಗವನ್ನು ರಾಯರು ಎಷ್ಟು ಬಾರಿ ಪಾಠ ಮಾಡಿರಬಹುದು! ಅತ್ತೆಯ ಬೆರಳುಗಳು ಹೇಗಿದ್ದುವೆಂದು ನೆನೆಯಲು ಯತ್ನಿಸಿದರು, ನೆನಪಾಗಲಿಲ್ಲ. ಮಡದಿ ಆಗಲೇ ಮುಂದಿನ ಸಾಲಿನಲ್ಲಿದ್ದರು.

ಹೀಗೆ ಸಂಜೆಗೆ ಮಾಲ್ಗುಡಿ, ಮಧ್ಯಾಹ್ನಕ್ಕೆ ರಾಮಸಂದ್ರ ಎಂದು ದಿನಗಳು ಸಾಗಿದುವು. ಸ್ವಾಮಿಯದು 1930ರ ಪಟ್ಟಣ. ನಂಜಮ್ಮನದು ಹೆಚ್ಚುಕಡಿಮೆ ಅದೇ ಕಾಲದ ಹಳ್ಳಿ. ಮನೆ ಬಿಟ್ಟು ಓಡಿದ ಸ್ವಾಮಿ ಕಾಡಿನಲ್ಲಿ ದಾರಿ ತಪ್ಪಿದರೂ ಹಿಂದಿರುಗುತ್ತಾನೆ. ಅಜ್ಜಿ ಇದ್ದಾಳೆ, ಅಪ್ಪ ಇದ್ದಾನೆ, ತಪ್ಪಿದ್ದು ಕ್ರಿಕೆಟ್ ಪಂದ್ಯ ಮಾತ್ರ. ರಾಮಸಂದ್ರದಲ್ಲಿ ಪ್ಲೇಗು ಬರುತ್ತದೆ. ಪಾರ್ವತಿ, ರಾಮಣ್ಣರ ಸಾವು ಬಂದ ದಿನ ಮಡದಿಯ ದನಿ ಹೊರಡದಾಯಿತು. ಪುಸ್ತಕವನ್ನು ಮಡಿಲಲ್ಲಿ ಕವುಚಿ ಕುಳಿತರು. ಉಳಿದದ್ದನ್ನು ರಾಯರೇ, ಪುಸ್ತಕವಿಲ್ಲದೆ, ನೆನಪಿನಿಂದ ಮೆಲ್ಲಗೆ ಹೇಳಿದರು. ಆ ದಿನ ಅವರ ಬಾಯಿಗೆ ಒಂದು ಶೀರ್ಷಿಕೆಯೂ ಬರಲಿಲ್ಲ. ಸಂಜೆ ಪೆಟ್ಟಿಗೆ ಹಚ್ಚಲೂ ಯಾರೂ ಏಳಲಿಲ್ಲ.

ಮರುವಾರ ಕನ್ನಡಕ ಬಂದಿತು. ರಾಯರು ಅದನ್ನೇರಿಸಿ, ಪಂಚಾಂಗದ ಸಣ್ಣಕ್ಷರವನ್ನು ಪರೀಕ್ಷಿಸಿ, ಸರಿಯಾಗಿದೆಯೆಂದು ಒರೆಸಿ, ಪೆಟ್ಟಿಗೆಯೊಳಗಿಟ್ಟು ಗೂಡಿನಲ್ಲಿ ಇರಿಸಿದರು. ಮೂರು ಹೊಡೆಯಿತು. ಜಗಲಿಯ ಕುರ್ಚಿಯಲ್ಲಿ ಬಂದು ಕುಳಿತು ಕೂಗಿದರು:

"ಎಲ್ಲಿಗೆ ನಿಲ್ಲಿಸಿದ್ದೆವೇ?"