ಸಪಾಟು ನೆಲದ ಏರುಪೇರು

ಮಂಡ್ಯ ಕಡೆ ಗುಡ್ಡವೇ ಇಲ್ವಲ್ಲ, ಟ್ರ್ಯಾಕ್ಟರ್ ಪಲ್ಟಿ ಆಗೋದು ಹೇಗೆ ಅಂತ ಕೇಳೋರಿದ್ದಾರೆ. ಮದ್ದೂರಿಂದ ಮಂಡ್ಯಕ್ಕೆ ರೈಲಲ್ಲಿ ಹೋಗ್ತಾ ಹನಕೆರೆ ಹತ್ರ ಕಿಟಕಿಯಿಂದ ನೋಡಿದ್ರೆ ಯಾರಿಗಾದ್ರೂ ಹಾಗೇ ಅನ್ಸುತ್ತೆ. ಕಬ್ಬು, ಭತ್ತ, ತೆಂಗು... ಎಲ್ಲಾ ಒಂದೇ ಸಮ. ಗದ್ದೆಗೆ ಇಳಿದ ಮೇಲೆ ಗೊತ್ತಾಗೋದು, ಇದು ಸಪಾಟು ನೆಲ ಅಲ್ಲ, ಮೆಟ್ಟಿಲು. ಒಂದು ಗದ್ದೆಗೂ ಪಕ್ಕದ ಗದ್ದೆಗೂ ಮೊಳದಷ್ಟು ಇಳಿತ, ನಡುವೆ ಬದು, ಅದರಾಚೆ ಕಾಲುವೆ.

ಟ್ರ್ಯಾಕ್ಟರ್ ಮಗುಚೋಕೆ ಆ ಮೊಳ ಸಾಕು. ಬದುವನ್ನು ಓರೆಯಾಗಿ ಹತ್ತಿಸಿದ್ರೆ ಒಂದು ಚಕ್ರ ಮೇಲೆ, ಇನ್ನೊಂದು ಕೆಸರಲ್ಲಿ. ನೇರವಾಗಿ, ನಿಧಾನಕ್ಕೆ ದಾಟಿಸ್ಬೇಕು. ಬದು ಎತ್ತರ ಇದ್ರೆ ಮೊದಲು ಗುದ್ದಲಿಯಲ್ಲಿ ಕಡಿದು ಇಳಿಜಾರು ಮಾಡ್ಕೊಳ್ಳೋದು, ಇಲ್ಲಾಂದ್ರೆ ರಿವರ್ಸ್‌ನಲ್ಲಿ ಹತ್ತಿಸೋದು. ಹಿಂದಿನ ಚಕ್ರ ಹೂತು ತಿರುಗದೇ ನಿಂತಾಗ ರಭಸದಿಂದ ಕ್ಲಚ್ ಬಿಟ್ರೆ, ಚಕ್ರದ ಬದಲು ಗಾಡಿಯೇ ತಿರುಗುತ್ತೆ. ಮೂತಿ ಮೇಲೆದ್ದು ಹಿಂದಕ್ಕೆ ಬೀಳೋಕೆ ಒಂದೆರಡು ಸೆಕೆಂಡು ಸಾಕು, ಜಿಗಿಯೋಕೆ ಪುರುಸೊತ್ತಿರಲ್ಲ. ಕಬ್ಬಿನ ಟ್ರೇಲರ್ ಎಳೆಯುವಾಗಲೂ ಅಷ್ಟೇ. ಕೊಕ್ಕೆ ಕೆಳಗಿನ ಡ್ರಾಬಾರ್‌ಗೇ ಹಾಕ್ಬೇಕು, ಮೇಲೆ ಕಟ್ಟಿದಷ್ಟೂ ಮೂತಿ ಎದ್ದೇಳುತ್ತೆ.

ನಮ್ಮ ಚಿಕ್ಕಪ್ಪ ಒಂದು ಮಾತು ಹೇಳ್ತಾರೆ: "ಎತ್ತು ಹಳ್ಳ ಕಂಡ್ರೆ ತಾನೇ ನಿಂತ್ಕತಿತ್ತು ಕನ್ಲಾ ಮಗ, ಇದಕ್ಕೆ ಕಣ್ಣಿಲ್ಲ." ಆ ಕಣ್ಣು ಈಗ ಓಡಿಸೋನಿಗೆ ಇರಬೇಕು. ನಾಲೆ ಏರಿ ಮೇಲೆ ಹೋಗುವಾಗ ಅಂಚಿನ ಹಸಿ ಮಣ್ಣು ಗಟ್ಟಿಯಾಗೇ ಕಾಣುತ್ತೆ, ಚಕ್ರ ಬಂದ ಮೇಲೆ ಕುಸಿಯುತ್ತೆ. ಇಳಿಜಾರಲ್ಲಿ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡೋರನ್ನ ಎಷ್ಟು ಜನಾನ ನೋಡಿಲ್ಲ! ಆಗ ಇಂಜಿನ್ನಿನ ಹಿಡಿತವೇ ತಪ್ಪುತ್ತೆ. ಗದ್ದೆಯಲ್ಲಿ ತಿರುಗಿಸೋಕೆ ಅಂತ ಬಿಡಿಬಿಡಿಯಾಗಿ ಒತ್ತುವ ಎರಡು ಬ್ರೇಕ್‌ಗಳನ್ನ ರಸ್ತೆಗೆ ಬರೋ ಮುಂಚೆ ಸೇರಿಸಿ ಲಾಕ್ ಮಾಡ್ಲೇಬೇಕು. ಒಂದೇ ಕಡೆ ಹಿಡಿದ್ರೆ ಗಾಡಿ ಆ ಕಡೆಗೇ ಎಳೆದು ಮಗುಚ್ಕೊಳ್ಳುತ್ತೆ.

ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರ್‌ಗಳಿಗೆ ಮಗುಚಿದ್ರೂ ಚಾಲಕ ಜಜ್ಜಿ ಹೋಗದ ಹಾಗೆ ಕಬ್ಬಿಣದ ಚೌಕಟ್ಟು ಕಡ್ಡಾಯ ಮಾಡ್ತು. ಅದರ ಜೊತೆ ಸೀಟ್ ಬೆಲ್ಟ್ ಹಾಕ್ಕೊಂಡ್ರೆ ಮಾತ್ರ ಪೂರ್ತಿ ಪ್ರಯೋಜನ. ನಮ್ಮಲ್ಲಿ ಎಷ್ಟೋ ಗಾಡಿಗಳಿಗೆ ಇರೋದು ಬಿಸಿಲಿಗೆ ಹಾಕಿಸಿದ ತೆಳು ತಗಡಿನ ಟಾಪು. ಅದು ನೆರಳಿಗಷ್ಟೇ.

ನನಗೆ ನಿಜಕ್ಕೂ ಭಯ ಆಗೋದು ಓಡಿಸೋನ ಬಗ್ಗೆ ಅಲ್ಲ, ಮಡ್‌ಗಾರ್ಡ್ ಮೇಲೆ ಕೂತೋರ ಬಗ್ಗೆ. ನಾಟಿಗೆ ಹೊರಟ ಹೆಂಗಸರು, ಪಕ್ಕದಲ್ಲಿ ಮಗು. ಓಡಿಸೋನ ಕೈಗೆ ಸ್ಟೀರಿಂಗ್ ಆದ್ರೂ ಇದೆ, ಅವರಿಗೆ ಹಿಡ್ಕೊಳ್ಳೋಕೂ ಏನಿಲ್ಲ. "ಹತ್ತಕ್ಕಾ, ಬಿಟ್ಬಿಡ್ತೀನಿ" ಅನ್ನೋದು ಪ್ರೀತಿಯ ಮಾತೇ. ಆದ್ರೆ "ನಡ್ಕೊಂಡ್ ಬಾರಕ್ಕ, ಬುತ್ತಿ ಮಾತ್ರ ಕೊಡು" ಅನ್ನೋದು ಅದಕ್ಕಿಂತ ದೊಡ್ಡ ಪ್ರೀತಿ.

ನಿಮ್ಮೂರ ಕಡೆ ಹೇಗೆ?