ಮೊಣಕೈಯಲ್ಲಿ ಒತ್ತುವ ಗುಂಡಿ

ನಮ್ಮತ್ತೆ ಕೋಡುಬಳೆ ಮಾಡುವಾಗ ಫೋನನ್ನು ಅವಲಕ್ಕಿ ಡಬ್ಬಿಗೆ ಒರಗಿಸಿಟ್ಟುಕೊಳ್ಳುತ್ತಾರೆ. ಎಪ್ಪತ್ತು ದಾಟಿದ ಹೆಂಗಸು, ಕೋಡುಬಳೆ ಅವರಿಗೆ ಬಾರದ್ದೇನಲ್ಲ. ಆದರೂ ಯೂಟ್ಯೂಬಿನ ಹುಡುಗಿ ಹೇಗೆ ಮಾಡುತ್ತಾಳೋ ನೋಡಬೇಕು, ನೋಡಿ ಒಂದಿಷ್ಟು ಆಡಿಕೊಳ್ಳಬೇಕು. ಎರಡೂ ಕೈ ಹಿಟ್ಟು. ಹುಡುಗಿ "ಕಾದ ಎಣ್ಣೆ ಎರಡು ಸೌಟು" ಅನ್ನುತ್ತಿದ್ದಂತೆ ಅತ್ತೆ ಬಗ್ಗಿ ಮೊಣಕೈಯಿಂದ ಪರದೆಯನ್ನು ಒಮ್ಮೆ ಒತ್ತುತ್ತಾರೆ. ಹುಡುಗಿ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತಾಳೆ. ಇವರು ಎಣ್ಣೆ ಹುಯ್ದು, ಕಲಸಿ, ಒಂದು ಚೂರು ಹೊಸೆದು, ಬಿರಿಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಮತ್ತೊಮ್ಮೆ ಮೊಣಕೈ. ಹುಡುಗಿಗೆ ಮಾತು ಬರುತ್ತದೆ.

ನಾನು ಹೊಟ್ಟೆಪಾಡಿಗೆ ಮಾಡುವುದು ಕಚೇರಿ ಜನಕ್ಕೆ ಆನ್‌ಲೈನ್ ಪಾಠ ಕಟ್ಟಿಕೊಡುವ ಕೆಲಸ. ಎಕ್ಸೆಲ್ಲು, ಇ-ಕಡತ, ಇನ್ನೂ ಏನೇನೋ. ಇದನ್ನು 'ಸೆಲ್ಫ್ ಪೇಸ್ಡ್' ಅನ್ನುತ್ತಾರೆ. ಮೇಷ್ಟರಿಲ್ಲ, ಬೆಲ್ಲಿಲ್ಲ, ನಿಮ್ಮ ಬಿಡುವು ನೋಡಿಕೊಂಡು ಕಲಿಯಿರಿ ಅಂತ. ಕನ್ನಡದಲ್ಲಿ ಇದಕ್ಕೇನು ಹೇಳುವುದು ಅಂತ ಬಹಳ ದಿನ ತಲೆ ಕೆಡಿಸಿಕೊಂಡೆ. 'ಸ್ವಗತಿ ಕಲಿಕೆ' ಅಂದರೆ ಯಾರಿಗೋ ಸದ್ಗತಿ ಸಿಕ್ಕಿದ ಹಾಗೆ ಕೇಳಿಸುತ್ತದೆ. ಅತ್ತೆಯನ್ನು ನೋಡಿದ ಮೇಲೆ ನನ್ನಷ್ಟಕ್ಕೆ 'ಮೊಣಕೈ ಪಾಠ' ಅಂದುಕೊಂಡುಬಿಟ್ಟಿದ್ದೇನೆ. ಹಾಗಂತ ಟೆಂಡರಿನಲ್ಲಿ ಬರೆಯಲಾಗುವುದಿಲ್ಲ, ಆ ಮಾತು ಬೇರೆ.

ನಾನು ಕಟ್ಟಿದ ಮೊದಲ ಎಕ್ಸೆಲ್ ಪಾಠಗಳಲ್ಲಿ ಮೊಣಕೈಗೆ ಜಾಗವೇ ಇರಲಿಲ್ಲ. ಒಟ್ಟು ಇಪ್ಪತ್ತು ಪಾಠ, ಒಂದೊಂದೂ ಮುಕ್ಕಾಲು ಗಂಟೆ. ಶುರುವಾಗುವುದು 1979ರಿಂದ: ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ಆಪಲ್ ಕಂಪ್ಯೂಟರಿಗೆ ಎಕ್ಸೆಲ್ಲಿನ ಪೂರ್ವಜ ವಿಸಿಕ್ಯಾಲ್ಕ್ ಮಾಡಿದ ಕಥೆ. ಅದಾದ ಮೇಲೆ ಮೇಲಿನ ಪಟ್ಟಿಯ ಒಂದೊಂದೇ ಗುಂಡಿಯ ಪರಿಚಯ, ಎಡದಿಂದ ಬಲಕ್ಕೆ. ಗೃಹಪ್ರವೇಶಕ್ಕೆ ಬಂದವರಿಗೆ ಬಚ್ಚಲಿನ ನಲ್ಲಿ ಸಮೇತ ತಿರುಗಿಸಿ ತೋರಿಸುತ್ತಾರಲ್ಲ, ಥೇಟ್ ಹಾಗೆ. ಊಟ ಯಾವಾಗ ಅನ್ನುವುದು ಬಂದವರ ಚಿಂತೆ.

ಒಂದು ಸಹಕಾರ ಸಂಘದವರು ಇದನ್ನು ತೆಗೆದುಕೊಂಡು, ತಿಂಗಳೊಳಗೆ ಎಲ್ಲರೂ ಮುಗಿಸಬೇಕು ಅಂತ ಸುತ್ತೋಲೆ ಹೊರಡಿಸಿದರು. ಮುಗಿಸಿದರು ಕೂಡ. ಧ್ವನಿ ಬಂದ್ ಮಾಡಿ ಪರದೆಯ ಮೂಲೆಯಲ್ಲಿ ನನ್ನನ್ನು ಓಡಲು ಬಿಟ್ಟು ತಮ್ಮ ಕೆಲಸ ನೋಡಿಕೊಂಡರು, ನಡುನಡುವೆ 'ನೆಕ್ಸ್ಟ್' ಒತ್ತಿದರು. ಒಬ್ಬರ ಪ್ರಮಾಣಪತ್ರವಂತೂ ಎಸ್ಸೆಸ್ಸೆಲ್ಸಿ ಓದುವ ಮಗ ಗಳಿಸಿಕೊಟ್ಟದ್ದು. ನೂರಕ್ಕೆ ನೂರು. ಕಾರ್ಯದರ್ಶಿಗಳು ನನಗೆ ಹಾರ ಹಾಕುವುದೊಂದು ಬಾಕಿ.

ಒತ್ತಾಯವಿಲ್ಲದ ಕಡೆ ಲೆಕ್ಕ ಇನ್ನೊಂದು ಥರ. ಹಾರ್ವರ್ಡ್ ಮತ್ತು ಎಂಐಟಿ ಜಗತ್ತಿಗೆಲ್ಲ ತೆರೆದಿಟ್ಟ ಆನ್‌ಲೈನ್ ಕೋರ್ಸುಗಳಿಗೆ 2017-18ರಲ್ಲಿ ಹೆಸರು ಬರೆಸಿದವರಲ್ಲಿ ಕೊನೆ ಮುಟ್ಟಿದವರು ನೂರಕ್ಕೆ ಮೂರು ಮಂದಿ ಮಾತ್ರ. ಅಂಥ ವಿಶ್ವವಿದ್ಯಾಲಯಗಳಿಗೆ ಮೂರು, ನನಗೆ ನೂರು! ಆದರೆ ಎರಡು ಅಂಕಿಯಲ್ಲೂ ಕಲಿತವರೆಷ್ಟು ಅನ್ನುವುದಿಲ್ಲ. ಬೇಕಾದ ಒಂದೇ ಒಂದು ವಿಷಯ ಕಲಿತು ಎದ್ದುಹೋದವನು ಲೆಕ್ಕದಲ್ಲಿ ಬಿಟ್ಟುಹೋದವನು. ಏನೂ ಕಲಿಯದೆ ಕೊನೆಯ ಗುಂಡಿ ಒತ್ತಿದವನು ಪಾಸು.

ಹಾರದ ಆಸೆಯಲ್ಲೋ ಏನೋ, ಆ ಸಂಘಕ್ಕೊಮ್ಮೆ ಹೋದೆ. ಸಾಲದ ವಿಭಾಗದ ಗುಮಾಸ್ತೆಯೊಬ್ಬರು ಎರಡು ಉದ್ದುದ್ದ ಪ್ರಿಂಟ್‌ಔಟ್ ಹಾಸಿಕೊಂಡು, ಸ್ಕೇಲಿಟ್ಟು, ಕೆಂಪು ಪೆನ್ಸಿಲಿನಲ್ಲಿ ಒಂದೊಂದೇ ಖಾತೆಗೆ ಟಿಕ್ ಹಾಕುತ್ತ ಕೂತಿದ್ದರು. ಒಂದು ಸಾಲದ ಪಟ್ಟಿ, ಇನ್ನೊಂದು ಬಡ್ಡಿ ರಿಯಾಯಿತಿಯ ಪಟ್ಟಿ.

"ಸಾರ್, ಈ ಎರಡು ಪಟ್ಟಿ ತಾಳೆ ನೋಡೋದು ಎಕ್ಸೆಲ್‌ನಲ್ಲೇ ಆಗುತ್ತಾ?"

"ಹದಿನಾಲ್ಕನೇ ಪಾಠದಲ್ಲಿ ಹೇಳಿದ್ದೀನಲ್ಲ ಮೇಡಂ. ವಿಲುಕಪ್."

"ಅದು ವಿಲುಕಪ್ ಅಂತ ಇತ್ತು ಸಾರ್. ತಾಳೆ ಅಂತ ಇರ್ಲಿಲ್ಲ."

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಸೂತ್ರವನ್ನು ಅವರ ಕೈಯಲ್ಲೇ ಬರೆಸಿದೆ. ಪಟಪಟ ಅಂತ ಎಲ್ಲ ಖಾತೆಯ ಮುಂದೂ ಮೊತ್ತ ಬಂತು. ನಾನು ಬೀಗುವಷ್ಟರಲ್ಲಿ ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಇವರು ಸಾಲ ತೀರಿಸಿ ಎರಡು ವರ್ಷ ಆಯ್ತಲ್ಲ ಸಾರ್, ಇವರ ಮುಂದೆ ಹದಿನೆಂಟೂವರೆ ಸಾವಿರ ಬಾಕಿ ಅಂತ ಬಂದಿದೆ?" ವಿಲುಕಪ್ ಸೂತ್ರದಲ್ಲಿ ನಾಲ್ಕನೆಯದೊಂದು ಜಾಗವಿದೆ, ಅಲ್ಲಿ 'ಫಾಲ್ಸ್' ಅಂತ ಬರೆಯಬೇಕು. ಬರೆಯದೆ ಬಿಟ್ಟರೆ, ಹುಡುಕಿದ ಖಾತೆ ಇಲ್ಲದಿದ್ದಾಗ ಇಲ್ಲ ಅನ್ನುವ ಬದಲು ಅದು ಹತ್ತಿರದ ಇನ್ಯಾರದೋ ಮೊತ್ತವನ್ನು ಎತ್ತಿ ತಂದಿಡುತ್ತದೆ, ಒಂಚೂರೂ ನಾಚಿಕೆಯಿಲ್ಲದೆ. ಅವಸರದಲ್ಲಿ ಬರೆಸಲು ಮರೆತದ್ದು ನಾನು. ತಪ್ಪು ಹಿಡಿದದ್ದು ಎಕ್ಸೆಲ್ ಅಲ್ಲ, ಸಾಲಗಾರರನ್ನು ಮುಖ ನೋಡಿ ಬಲ್ಲ ಆ ಹೆಂಗಸು.

'ಫಾಲ್ಸ್' ಹಾಕಿದೆವು. ಈಗ ಅಲ್ಲಲ್ಲಿ '#ಎನ್/ಎ', ಅಂದರೆ ಇಲ್ಲ, ಅಂತ ಬಂತು. ಆದರೆ ಆ ಪೈಕಿ ಕೆಲವು ಖಾತೆ ಎರಡು ಪಟ್ಟಿಯಲ್ಲೂ ಕಣ್ಣಿಗೆ ಹೊಡೆಯುವಂತೆ ಕೂತಿವೆ! ನನಗೂ ಬೆವರು. ಐದು ನಿಮಿಷ ತಡಕಾಡಿದ ಮೇಲೆ ಕಂಡಿತು, ಆ ಮನೆಗಳ ಮೂಲೆಯಲ್ಲೊಂದು ಸಾಸಿವೆಯಷ್ಟು ಹಸಿರು ತ್ರಿಕೋನ. ಒಂದು ಪಟ್ಟಿಯಲ್ಲಿ ಖಾತೆ ಸಂಖ್ಯೆ ಸಂಖ್ಯೆಯಾಗಿದೆ, ಇನ್ನೊಂದರಲ್ಲಿ ಅಕ್ಷರದ ವೇಷ ಹಾಕಿಕೊಂಡಿದೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಪರಿಚಯವೇ ಇಲ್ಲ. ತ್ರಿಕೋನ ಒತ್ತಿ ಸಂಖ್ಯೆಯಾಗಿಸಿದರೆ ಸರಿಹೋಗುತ್ತದೆ. ಇದನ್ನು ಇಪ್ಪತ್ತು ಪಾಠದಲ್ಲಿ ಎಲ್ಲೂ ಹೇಳಿರಲಿಲ್ಲ, ಯಾಕೆಂದರೆ ನನ್ನ ಉದಾಹರಣೆಯ ಪಟ್ಟಿಯಲ್ಲಿ ಇದ್ದದ್ದು ಸೇಬು, ಬಾಳೆ, ಕಿತ್ತಳೆ. ಮಡಿಯುಟ್ಟ ಪಟ್ಟಿ. ಕಚೇರಿಯಲ್ಲಿ ಅಂಥದ್ದನ್ನು ಯಾರು ಕಂಡಿದ್ದಾರೆ?

ಆಮೇಲೆ ಓದಿದರೆ ಇದೆಲ್ಲ ಹಳೇ ಕಥೆ. 1980ರ ದಶಕದಲ್ಲಿ ಐಬಿಎಂ ಸಂಶೋಧಕ ಜಾನ್ ಕ್ಯಾರಲ್, ಕಚೇರಿಯ ಕಾರ್ಯದರ್ಶಿಗಳು ಹೊಸ ವರ್ಡ್ ಪ್ರೊಸೆಸರ್ ಕಲಿಯುವುದನ್ನು ಪಕ್ಕದಲ್ಲಿದ್ದು ನೋಡಿದ. ಕಂಪನಿ ಕೊಟ್ಟ ದಪ್ಪ ಕೈಪಿಡಿಯನ್ನು ಅವರು ಕ್ರಮವಾಗಿ ಓದುತ್ತಲೇ ಇರಲಿಲ್ಲ. ನೇರ ಗುಂಡಿಗಳಿಗೆ ಕೈ ಹಾಕಿ, ತಮ್ಮ ಪತ್ರ ಟೈಪು ಮಾಡಲು ಹೋಗಿ, ಸಿಕ್ಕಿಹಾಕಿಕೊಳ್ಳುತ್ತಿದ್ದರು. ಹಾಗಾದರೆ ಕೈಪಿಡಿಯನ್ನೇ ತೆಳ್ಳಗೆ ಮಾಡೋಣ, ಮಾಡಬೇಕಾದ ಕೆಲಸದಿಂದಲೇ ಶುರು ಮಾಡೋಣ, ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಹೇಗೆ ಅನ್ನುವುದನ್ನೂ ಹೇಳೋಣ ಅಂದ. 1990ರಲ್ಲಿ ಬಂದ ಅವನ ಪುಸ್ತಕದ ಹೆಸರಿನಲ್ಲಿ ನ್ಯೂರೆಂಬರ್ಗಿನ ಲಾಳಿಕೆ ಇದೆ. ತಲೆಯಲ್ಲೊಂದು ತೂತು ಮಾಡಿ ಲಾಳಿಕೆಯಿಟ್ಟು ವಿದ್ಯೆ ಸುರಿಯುವ, ಜರ್ಮನರ ಹಳೆಯ ತಮಾಷೆ ಅದು. ಓದುವಾಗ ನನಗೆ ನೆನಪಾದದ್ದು ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆ ಲಾಳಿಕೆ. ಎಷ್ಟು ಜೋಪಾನವಾಗಿ ಹಿಡಿದರೂ ಅಂಗಡಿಯವನು ಸುರಿಯುವ ರಭಸಕ್ಕೆ ಒಂದಿಷ್ಟು ಕಾಲ ಮೇಲೆ.

ನಮ್ಮಲ್ಲೇ ಐಐಟಿ ಬಾಂಬೆಯವರ 'ಸ್ಪೋಕನ್ ಟ್ಯುಟೋರಿಯಲ್' ಇದೆ. ಲಿಬ್ರೆ ಆಫೀಸು, ಲಿನಕ್ಸು, ಪೈಥಾನಿನಂಥ ಉಚಿತ ತಂತ್ರಾಂಶಗಳನ್ನು ಹತ್ತು ನಿಮಿಷದ ಆಸುಪಾಸಿನ ತುಣುಕುಗಳಲ್ಲಿ ಕಲಿಸುತ್ತಾರೆ. ಧ್ವನಿ ಕನ್ನಡದಲ್ಲೂ ಸಿಗುತ್ತದೆ, ಪರದೆ ಮಾತ್ರ ಇಂಗ್ಲಿಷಿನದೇ, ಯಾಕೆಂದರೆ ಕೆಲಸಕ್ಕೆ ಕೂತಾಗ ಎದುರಿಗಿರುವುದು ಅದೇ. ಅರ್ಧ ಪರದೆಯಲ್ಲಿ ಪಾಠ, ಇನ್ನರ್ಧದಲ್ಲಿ ತಂತ್ರಾಂಶ. ನೋಡು, ನಿಲ್ಲಿಸು, ಮಾಡು. ಮೊಣಕೈ ಅಂದಿಲ್ಲ, ಅಷ್ಟೆ. ನನಗೆ ಹಿಡಿಸಿದ್ದು ಇನ್ನೊಂದು: ಪಾಠವನ್ನು ಬಿಡುಗಡೆ ಮಾಡುವ ಮೊದಲು ಆ ವಿಷಯ ಗೊತ್ತಿಲ್ಲದವರ ಕೈಯಲ್ಲಿ ಮಾಡಿಸಿ ನೋಡುತ್ತಾರೆ. ಪಂಡಿತರ ಮೆಚ್ಚುಗೆಗೆ ಅಲ್ಲಿ ಅರ್ಧ ಬೆಲೆ.

ನಾನು ಮತ್ತೆ ಕಟ್ಟಲು ಕೂತೆ. ವಿಸಿಕ್ಯಾಲ್ಕ್ ಹೋಯಿತು, ಸ್ವಲ್ಪ ಹೊಟ್ಟೆ ಉರಿಯಿತು. ಭಾಷೆಯ ರಗಳೆ ಶುರುವಾಯಿತು. ತಂಡದಲ್ಲೊಬ್ಬರು ಪಿವಟ್ ಟೇಬಲ್ಲನ್ನು 'ತಿರುಗಣಿ ಕೋಷ್ಟಕ' ಮಾಡಿಕೊಂಡು ಬಂದರು. ಚೆಂದದ ಪದವೇ, ಆದರೆ ಪರದೆಯಲ್ಲಿ ತಿರುಗಣಿ ಎಲ್ಲಿದೆ ಅಂತ ಹುಡುಕುವವರಿಗೆ ಯಾರು ಉತ್ತರ ಹೇಳುವುದು? ಗುಂಡಿಯ ಹೆಸರು ಪರದೆಯಲ್ಲಿದ್ದಂತೆಯೇ ಇರಲಿ, ಪಾಠದ ಹೆಸರು ಕಚೇರಿಯ ಬಾಯಲ್ಲಿದ್ದಂತೆ ಇರಲಿ ಅಂತ ರಾಜಿಯಾಯಿತು. ಹದಿನಾಲ್ಕನೇ ಪಾಠ 'ಎರಡು ಪಟ್ಟಿ ತಾಳೆ ನೋಡುವುದು' ಆಯಿತು, ಏಳು ನಿಮಿಷಕ್ಕೆ ಇಳಿಯಿತು. ಜೊತೆಗೊಂದು ಅಭ್ಯಾಸದ ಪಟ್ಟಿ, ಬೇಕೆಂತಲೇ ಕೊಳೆ ಮಾಡಿದ್ದು. ಹಸಿರು ತ್ರಿಕೋನ, ಹೆಸರಿನ ಹಿಂದೊಂದು ಕಾಣದ ಖಾಲಿ ಜಾಗ, ತಿಂಗಳು-ದಿನ ಅದಲುಬದಲಾದ ತಾರೀಕು. ಕೊಳೆ ಮಾಡುವುದರಲ್ಲಿ ಎಷ್ಟು ಖುಷಿಯಿತ್ತೆಂದರೆ ಆ ಕೆಲಸ ಯಾರಿಗೂ ಬಿಟ್ಟುಕೊಡಲಿಲ್ಲ.

ಹೋದ ತಿಂಗಳು ಆ ಮೇಡಂ ಫೋನ್ ಮಾಡಿದ್ದರು. ತಾಳೆಯ ಪಾಠವನ್ನು ಮೂರು ನಿಮಿಷ ನೋಡಿ ನಿಲ್ಲಿಸಿದರಂತೆ, ಪಟ್ಟಿ ಸರಿಹೋಯಿತಂತೆ, ಕೆಂಪು ಪೆನ್ಸಿಲು ಈಗ ಮೊಮ್ಮಗಳ ಪಾಲಂತೆ. ಮಾತಾಡುತ್ತಲೇ ನನ್ನ ಪರದೆಯಲ್ಲಿ ಅವರ ಹೆಸರು ತೆಗೆದು ನೋಡಿದೆ. ಕೆಂಪು ಬಣ್ಣದಲ್ಲಿ, 'ಅಪೂರ್ಣ, ಶೇ. 43'.

"ಅಂದ ಹಾಗೆ ಸಾರ್," ಅಂದರು, "ಪಾಠ ಮುಗಿಸಿಲ್ಲ ಅಂತ ದಿನಾ ಬೆಳಿಗ್ಗೆ ಒಂದು ಮೇಲ್ ಬರ್ತಿದೆ. ಅದನ್ನ ನಿಲ್ಲಿಸೋ ಗುಂಡಿ ಯಾವುದು?"